ಬೆಲ್ ವ್ಯೂ ಏಸಸ್: ಋತುವಿನ ಕೊನೆಯಲ್ಲಿ ಕೈತಪ್ಪಿದ ಪ್ರಶಸ್ತಿಗಳು

ಬೆಲ್ ವ್ಯೂ ಏಸಸ್ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಸ್ಪೀಡ್‌ವೇ ತಂಡ. ಬ್ರೇಕ್ ಇಲ್ಲದ, ಒಂದೇ ಗೇರಿನ, ಮೆಥನಾಲ್‌ನಿಂದ ಓಡುವ 500 ಸಿ.ಸಿ. ಮೋಟಾರ್‌ಸೈಕಲ್‌ಗಳ ಪಂದ್ಯಕ್ಕೆ ಸ್ಪೀಡ್‌ವೇ ಎಂದು ಹೆಸರು. ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ ನಾಲ್ವರು ಸವಾರರು ನಾಲ್ಕು ಸುತ್ತು ಓಡಿಸುತ್ತಾರೆ. ತಿರುವಿನಲ್ಲಿ ಎಡಗಾಲಿನ ಉಕ್ಕಿನ ಪಟ್ಟಿಯನ್ನು ನೆಲಕ್ಕೆ ಒತ್ತಿ, ಹಿಂಗಾಲಿಯನ್ನು ಬೇಕೆಂದೇ ಹೊರಕ್ಕೆ ಜಾರಿಸಿ, ಆ ಜಾರಿನಲ್ಲೇ ಗಾಡಿಯನ್ನು ತಿರುಗಿಸುತ್ತಾರೆ. ಒಂದು ಓಟ, ಅಂದರೆ ಒಂದು ಹೀಟ್, ಒಂದು ನಿಮಿಷದಲ್ಲೇ ಮುಗಿದುಹೋಗುತ್ತದೆ. ಇಂಥ ಹೀಟ್‌ಗಳು ಕೂಡಿ ಒಂದು ಪಂದ್ಯ, ಪಂದ್ಯಗಳು ಕೂಡಿ ಮಾರ್ಚ್‌ನಿಂದ ಅಕ್ಟೋಬರ್‌ವರೆಗಿನ ಒಂದು ಲೀಗ್. ಬೆಲ್ ವ್ಯೂ ತಂಡ ಈ ಲೀಗನ್ನು ಹಲವು ಬಾರಿ ಗೆದ್ದಿದೆ. ಆದರೆ ಆಗಸ್ಟ್‌ವರೆಗೆ ಕೈಗೆಟುಕುವಂತಿದ್ದ ಪ್ರಶಸ್ತಿ ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಜಾರಿಹೋದ ವರ್ಷಗಳೂ ಅದರ ಚರಿತ್ರೆಯಲ್ಲಿ ಅಷ್ಟೇ ದೊಡ್ಡ ಭಾಗ. ಈ ಆಟದಲ್ಲಿ ಋತುವಿನ ಕೊನೆ ಹೇಗೆ ನಡೆಯುತ್ತದೆಂದು ಇಷ್ಟು ಚೆನ್ನಾಗಿ ತೋರಿಸುವ ತಂಡ ಇನ್ನೊಂದಿಲ್ಲ.

ಆಟ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಾತು. ನ್ಯೂ ಸೌತ್ ವೇಲ್ಸ್‌ನ ವೆಸ್ಟ್ ಮೇಟ್‌ಲ್ಯಾಂಡ್ ಊರಿನ ಕೃಷಿ ಮೇಳದ ಮೈದಾನದಲ್ಲಿ 1923ರ ಡಿಸೆಂಬರ್ 15ರ ರಾತ್ರಿ ವಿದ್ಯುದ್ದೀಪದ ಬೆಳಕಿನಲ್ಲಿ ಜಾನಿ ಹಾಸ್ಕಿನ್ಸ್ ಏರ್ಪಡಿಸಿದ ಓಟಗಳನ್ನು ಅದರ ಆರಂಭವೆಂದು ಎಣಿಸುತ್ತಾರೆ. 1928ರ ಫೆಬ್ರವರಿ 19ರಂದು ಲಂಡನ್ನಿನ ಹೊರವಲಯದ ಎಪ್ಪಿಂಗ್ ಕಾಡಿನ ಹೈ ಬೀಚ್‌ನಲ್ಲಿ ನಡೆದ ಓಟ ಬ್ರಿಟನ್ನಿಗೆ ಈ ಹುಚ್ಚನ್ನು ಹತ್ತಿಸಿತು. ಅಂದು ಬಂದ ಜನ ಏರ್ಪಾಡು ಮಾಡಿದವರ ನಿರೀಕ್ಷೆಯನ್ನು ಎಷ್ಟೋ ಪಾಲು ಮೀರಿದ್ದರು. ಅದೇ ವರ್ಷ ಜುಲೈ ತಿಂಗಳಲ್ಲಿ ಮ್ಯಾಂಚೆಸ್ಟರಿನ ಕಿರ್ಕ್‌ಮನ್‌ಶುಲ್ಮ್ ಲೇನ್‌ನಲ್ಲಿ ಮೋಟಾರ್‌ಸೈಕಲ್‌ಗಳು ಓಡಿದವು. ಅದು 1926ರಲ್ಲಿ ಬ್ರಿಟನ್ನಿನ ಮೊದಲ ಗ್ರೇಹೌಂಡ್ ನಾಯಿ ಓಟಕ್ಕಾಗಿ ಕಟ್ಟಿದ ಮೈದಾನ. ಮರುವರ್ಷ, 1929ರಲ್ಲಿ, ಸ್ಪೀಡ್‌ವೇ ಅಲ್ಲಿಂದ ಹೈಡ್ ರೋಡ್ ಮೈದಾನಕ್ಕೆ ಬಂತು. ಜಾನ್ ಜೆನ್ನಿಸನ್ 1836ರಲ್ಲಿ ತೆರೆದ ಬೆಲ್ ವ್ಯೂ ಪ್ರಾಣಿಸಂಗ್ರಹಾಲಯ ಮತ್ತು ವಿಹಾರೋದ್ಯಾನದ ಆವರಣದೊಳಗೇ ಈ ಮೈದಾನವಿತ್ತು. ಹತ್ತಿಗಿರಣಿಗಳ, ಯಂತ್ರ ಕಾರ್ಖಾನೆಗಳ ಕೆಲಸಗಾರ ಕುಟುಂಬಗಳು ಶನಿವಾರ ಹಗಲು ಪ್ರಾಣಿಗಳನ್ನು ನೋಡಿ, ಸಂಜೆ ಓಟಕ್ಕೆ ಬಂದು ಕೂರಬಹುದಿತ್ತು. ತಂಡದ ಗುರುತು ಇಸ್ಪೀಟಿನ ಕಳಾವರ್ ಎಕ್ಕ. ಸವಾರರ ಎದೆಯ ಮೇಲೆ ಇಂದಿಗೂ ಅದೇ ಇದೆ.

1929ರಲ್ಲಿ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಲೀಗ್ ಆರಂಭವಾದವು. ಬೆಲ್ ವ್ಯೂ 1930 ಮತ್ತು 1931ರಲ್ಲಿ ಉತ್ತರ ಲೀಗ್ ಗೆದ್ದಿತು. 1932ರಲ್ಲಿ ಒಂದೇ ನ್ಯಾಷನಲ್ ಲೀಗ್ ಬಂದ ಮೇಲೆ 1933ರಿಂದ 1936ರವರೆಗೆ ಸತತ ನಾಲ್ಕು ವರ್ಷ ಪ್ರಶಸ್ತಿ ಅಲ್ಲೇ ಉಳಿಯಿತು. ಮ್ಯಾನೇಜರ್ ಇ. ಒ. ಸ್ಪೆನ್ಸ್ ಕೂಡಿಸಿದ್ದ ಆ ತಂಡದಲ್ಲಿ ಎರಿಕ್ ಲ್ಯಾಂಗ್ಟನ್, ಫ್ರ್ಯಾಂಕ್ ವೇರಿ, ಜೋ ಅಬಟ್, ಬಿಲ್ ಕಿಚನ್ ಮತ್ತು ಆಸ್ಟ್ರೇಲಿಯಾದ ಮ್ಯಾಕ್ಸ್ ಗ್ರಾಸ್‌ಕ್ರೂಟ್ಜ್ ಇದ್ದರು. ಆ ನಾಲ್ಕು ವರ್ಷಗಳಲ್ಲಿ ಕೊನೆಯ ತಿಂಗಳ ಆತಂಕ ಬೇರೆ ತಂಡಗಳ ಪಾಲಿನದು. ಲ್ಯಾಂಗ್ಟನ್‌ಗೆ ಮಾತ್ರ ಸೆಪ್ಟೆಂಬರ್ ಕಹಿಯಾಯಿತು. 1936ರ ಸೆಪ್ಟೆಂಬರ್ 10ರಂದು ವೆಂಬ್ಲಿಯಲ್ಲಿ ನಡೆದ ಮೊಟ್ಟಮೊದಲ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಅವನು ಲಯನಲ್ ವಾನ್ ಪ್ರಾಗ್ ಜೊತೆ ಸಮ ಅಂಕ ಗಳಿಸಿ, ಇಬ್ಬರೇ ಓಡಿದ ನಿರ್ಣಾಯಕ ಓಟದಲ್ಲಿ ಸೋತ.

1939ರಲ್ಲಿ ತಂಡ ಮತ್ತೆ ಅಂಕಪಟ್ಟಿಯ ತುದಿಯಲ್ಲಿತ್ತು. ಮೂರು ವರ್ಷಗಳ ಬಳಿಕ ಪ್ರಶಸ್ತಿ ಉತ್ತರಕ್ಕೆ ಮರಳುವ ಲಕ್ಷಣ ಸ್ಪಷ್ಟವಾಗಿತ್ತು. ಸೆಪ್ಟೆಂಬರ್ 3ರಂದು ಬ್ರಿಟನ್ ಯುದ್ಧ ಘೋಷಿಸಿತು. ಜನ ಸೇರುವ ಮನರಂಜನೆಗಳೆಲ್ಲ ಒಮ್ಮೆಲೇ ನಿಂತವು. ಲೀಗ್ ಅರ್ಧಕ್ಕೇ ರದ್ದಾಯಿತು, ಮುಂದಿದ್ದ ತಂಡಕ್ಕೆ ಪ್ರಶಸ್ತಿ ಕೊಡಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬಾರದ ಈ ಪ್ರಸಂಗದ ನಂತರವೂ ಬೆಲ್ ವ್ಯೂ ಬಾಗಿಲು ಮುಚ್ಚಲಿಲ್ಲ. ದೇಶದ ಉಳಿದ ಬಹುಪಾಲು ಟ್ರ್ಯಾಕ್‌ಗಳು ಖಾಲಿ ಬಿದ್ದಿದ್ದ ವರ್ಷಗಳಲ್ಲಿ ಹೈಡ್ ರೋಡ್ ಯುದ್ಧದುದ್ದಕ್ಕೂ ಶನಿವಾರದ ಓಟಗಳನ್ನು ನಡೆಸಿತು. ಸೈನ್ಯದಿಂದ ರಜೆಯ ಮೇಲೆ ಬಂದವರು, ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದವರು ಅಲ್ಲಿ ಗಾಡಿ ಓಡಿಸಿದರು. ಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಸ್ಪೀಡ್‌ವೇ ಅಷ್ಟು ಬೇಗ ತಲೆಯೆತ್ತಿ ನಿಂತದ್ದಕ್ಕೆ ಆ ಶನಿವಾರಗಳು ಬಹುಮಟ್ಟಿಗೆ ಕಾರಣ. ಲೀಗ್ ಪ್ರಶಸ್ತಿಗಳ ಯಾವ ಪಟ್ಟಿಯಲ್ಲೂ ಸೇರದ ಆ ಸಾಧನೆ ತಂಡದ ಅತ್ಯಂತ ದೊಡ್ಡ ಸಾಧನೆ ಎನ್ನಲು ಅಡ್ಡಿಯಿಲ್ಲ.

1946ರಲ್ಲಿ ನ್ಯಾಷನಲ್ ಲೀಗ್ ಆರು ತಂಡಗಳೊಂದಿಗೆ ಮತ್ತೆ ಶುರುವಾಯಿತು. ತಂಡಗಳ ಬಲ ಸಮನಾಗಿರಲೆಂದು ಸವಾರರನ್ನು ಹೊಸದಾಗಿ ಹಂಚಿದರು. ಆ ಹಂಚಿಕೆಯಲ್ಲಿ ಬಿಲ್ ಕಿಚನ್ ಬೆಲ್ ವ್ಯೂ ಬಿಟ್ಟು ಲಂಡನ್ನಿನ ವೆಂಬ್ಲಿ ಲಯನ್ಸ್ ತಂಡದ ನಾಯಕನಾದ. ಬೆಲ್ ವ್ಯೂಗೆ ಜ್ಯಾಕ್ ಪಾರ್ಕರ್ ಸಿಕ್ಕ. ಅವನು ಸಾಮಾನ್ಯನೇನಲ್ಲ, ಆ ಕಾಲದ ಅತ್ಯುತ್ತಮ ಸವಾರರಲ್ಲಿ ಒಬ್ಬ. ಆದರೂ 1946 ಮತ್ತು 1947ರಲ್ಲಿ ವೆಂಬ್ಲಿ ಮೊದಲನೆಯದು, ಬೆಲ್ ವ್ಯೂ ಎರಡನೆಯದು. ಸರ್ ಆರ್ಥರ್ ಎಲ್ವಿನ್ ಒಡೆತನದ ವೆಂಬ್ಲಿ 1946ರಿಂದ 1953ರವರೆಗೆ ಏಳು ಬಾರಿ ಲೀಗ್ ಗೆದ್ದಿತು. ತನ್ನ ಹಳೆಯ ಸವಾರನೇ ಎದುರು ತಂಡದ ಮುಂದಾಳಾಗಿ ಪ್ರಶಸ್ತಿ ತೆಗೆದುಕೊಂಡು ಹೋಗುವುದನ್ನು ಮ್ಯಾಂಚೆಸ್ಟರ್ ಆಗ ಮೊದಲ ಬಾರಿ ಕಂಡಿತು. 1974ರಲ್ಲಿ ಅದನ್ನು ಇನ್ನೊಮ್ಮೆ ಕಾಣಬೇಕಾಯಿತು. ನಡುವಿನ ಐವತ್ತರ ದಶಕ ಇಡೀ ಆಟಕ್ಕೇ ಕಷ್ಟದ ಕಾಲ. ಮನರಂಜನಾ ತೆರಿಗೆಯ ಭಾರ ಮತ್ತು ಟೆಲಿವಿಷನ್ ಕೂಡಿ ಒಂದೊಂದೇ ಟ್ರ್ಯಾಕನ್ನು ಮುಚ್ಚಿಸಿದವು. ಎಲ್ವಿನ್ ತೀರಿಕೊಂಡ 1957ರಲ್ಲಿ ವೆಂಬ್ಲಿಯೂ ಲೀಗಿನಿಂದ ಹೊರಬಿತ್ತು.

ಆ ಬಡ ಕಾಲದಲ್ಲೇ ಬೆಲ್ ವ್ಯೂಗೆ ದೊರೆತವನು ಪೀಟರ್ ಕ್ರೇವನ್. ಲಿವರ್‌ಪೂಲ್‌ನಲ್ಲಿ ಹುಟ್ಟಿದ, ಪುಟ್ಟ ಮೈಕಟ್ಟಿನ ಈ ಸವಾರ ಗಾಡಿಯ ಮೇಲೆ ತೋರಿಸುತ್ತಿದ್ದ ಸಮತೋಲನವನ್ನು ನೋಡಿದವರು ಮರೆಯಲಿಲ್ಲ. 1955ರಲ್ಲೂ 1962ರಲ್ಲೂ ಅವನು ವಿಶ್ವ ಚಾಂಪಿಯನ್ ಆದ. ಇಂಗ್ಲೆಂಡಿನ ಸವಾರರಲ್ಲಿ ಆ ಪಟ್ಟವನ್ನು ಎರಡು ಸಲ ಪಡೆದ ಮೊದಲಿಗ ಅವನೇ. 1963ರ ಸೆಪ್ಟೆಂಬರ್ 20ರಂದು ಎಡಿನ್‌ಬರೋದ ಓಲ್ಡ್ ಮೆಡೋಬ್ಯಾಂಕ್ ಮೈದಾನದಲ್ಲಿ ಅವನ ಮುಂದೆಯೇ ಒಬ್ಬ ಸವಾರ ಬಿದ್ದ. ಬಿದ್ದವನ ಮೇಲೆ ಹಾಯದಿರಲು ಕ್ರೇವನ್ ಗಾಡಿಯನ್ನು ಪಕ್ಕಕ್ಕೆ ಎಳೆದು ಬೇಲಿಗೆ ಬಡಿದ. ನಾಲ್ಕು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡಾಗ ಅವನಿಗೆ 29 ವರ್ಷ. ಆ ವರ್ಷ ನ್ಯಾಷನಲ್ ಲೀಗ್ ಗೆದ್ದದ್ದು ಬೆಲ್ ವ್ಯೂ. ಯುದ್ಧಪೂರ್ವದ ನಂತರ ಬಂದ ಮೊದಲ ಲೀಗ್ ಪ್ರಶಸ್ತಿಯನ್ನು ಯಾರೂ ಮನಸಾರೆ ಸಂಭ್ರಮಿಸುವಂತಿರಲಿಲ್ಲ. ಕ್ರೇವನ್ ಹೆಸರಿನ ಸ್ಮಾರಕ ಪಂದ್ಯವನ್ನು ತಂಡ ಇಂದಿಗೂ ನಡೆಸಿಕೊಂಡು ಬಂದಿದೆ.

ಇಲ್ಲಿಂದ ಮುಂದಿನ ಕಥೆ ತಿಳಿಯಬೇಕಾದರೆ ಅಂಕಗಳ ಲೆಕ್ಕ ಗೊತ್ತಿರಬೇಕು. 1965ರಲ್ಲಿ ದೇಶದ ತಂಡಗಳೆಲ್ಲ ಸೇರಿ ಬ್ರಿಟಿಷ್ ಲೀಗ್ ಆಯಿತು. ಒಂದು ತಂಡಕ್ಕೆ ಏಳು ಸವಾರರು. ಪ್ರತಿ ಹೀಟ್‌ನಲ್ಲಿ ಎರಡೂ ತಂಡಗಳಿಂದ ಇಬ್ಬಿಬ್ಬರು. ಮೊದಲು ಬಂದವನಿಗೆ 3 ಅಂಕ, ನಂತರದವರಿಗೆ 2, 1, ಕೊನೆಯವನಿಗೆ ಸೊನ್ನೆ. ಆಗ ಪಂದ್ಯಕ್ಕೆ 13 ಹೀಟ್, ಒಟ್ಟು 78 ಅಂಕ. 40 ಗಳಿಸಿದವರು ಗೆದ್ದಂತೆ. ಗೆದ್ದ ತಂಡಕ್ಕೆ ಅಂಕಪಟ್ಟಿಯಲ್ಲಿ 2, ಸಮವಾದರೆ ತಲಾ 1. ಪ್ರತಿ ಟ್ರ್ಯಾಕಿನ ಉದ್ದ, ತಿರುವಿನ ವಾಲು, ಮೇಲೆ ಹರಡುವ ಶೇಲ್ ಕಲ್ಲಿನ ಪುಡಿ ಬೇರೆಬೇರೆ. ಆದ್ದರಿಂದ ತವರಿನ ಸವಾರರಿಗೆ ಸಿಗುವ ಅನುಕೂಲ ಬೇರೆ ಬಹುಪಾಲು ಆಟಗಳಿಗಿಂತ ಹೆಚ್ಚು. ಒಳ್ಳೆಯ ತಂಡಗಳೆಲ್ಲ ತವರಿನಲ್ಲಿ ಗೆಲ್ಲುತ್ತವೆ. ಪ್ರಶಸ್ತಿಯನ್ನು ತೀರ್ಮಾನಿಸುವುದು ಹೊರಗೆ ಹೋಗಿ ಗೆದ್ದ ಪಂದ್ಯಗಳು ಮತ್ತು ತವರಿನಲ್ಲಿ ಕಳೆದುಕೊಂಡ ಒಂದೆರಡು ಅಂಕಗಳು. ಮೇ ತಿಂಗಳ ಒಂದು ಮಂಕು ರಾತ್ರಿ ತವರಿನಲ್ಲಿ 38–40ರಿಂದ ಸೋತ ಪಂದ್ಯದ ಬೆಲೆ ತಿಳಿಯುವುದು ಅಕ್ಟೋಬರ್‌ನಲ್ಲಿ.

ಆ ಬೆಲೆಯನ್ನು ಏರಿಸುವ ಸಂಗತಿಗಳು ಎರಡು. ಒಂದು ಮಳೆ. ಮಣ್ಣಿನ ಟ್ರ್ಯಾಕ್ ನೆನೆದರೆ ಓಟ ಅಪಾಯ, ಪಂದ್ಯ ಮುಂದಕ್ಕೆ ಹೋಗುತ್ತದೆ. ಇಂಗ್ಲೆಂಡಿನ ಬೇಸಗೆಯಲ್ಲಿ ಹೀಗೆ ಮುಂದೂಡಿದ ಪಂದ್ಯಗಳು ಸೆಪ್ಟೆಂಬರ್‌ನಲ್ಲಿ ಒಂದರ ಮೇಲೊಂದು ಬಂದು ಬೀಳುತ್ತವೆ. ಪ್ರತಿ ಮೈದಾನಕ್ಕೂ ವಾರದಲ್ಲಿ ತನ್ನದೇ ಆದ ರಾತ್ರಿ ಉಂಟು. ಆ ಕಾಲದಲ್ಲಿ ಪೂಲ್‌ಗೆ ಬುಧವಾರ, ಇಪ್ಸ್‌ವಿಚ್‌ಗೆ ಗುರುವಾರ, ಹೈಡ್ ರೋಡ್‌ಗೆ ಶನಿವಾರ ಇತ್ತು. ಬಾಕಿ ಪಂದ್ಯಗಳಿರುವ ತಂಡ ದೇಶದ ಒಂದು ಮೂಲೆಯಿಂದ ಇನ್ನೊಂದಕ್ಕೆ ರಾತ್ರಿಯೆಲ್ಲ ವ್ಯಾನಿನಲ್ಲಿ ಓಡಾಡಬೇಕು. ಸವಾರರೇ ತಮ್ಮ ಎಂಜಿನ್ ಬಿಚ್ಚಿ ತೊಳೆದು ಮತ್ತೆ ಜೋಡಿಸಿಕೊಳ್ಳಬೇಕು. ಅದೂ ಅಲ್ಲದೆ ಶರತ್ಕಾಲದ ರಾತ್ರಿಗಳಲ್ಲಿ ಇಬ್ಬನಿಯ ತೇವದಿಂದ ಟ್ರ್ಯಾಕಿನ ಹಿಡಿತವೇ ಬದಲಾಗುತ್ತದೆ. ಜೂನ್‌ನಲ್ಲಿ ಒಣಮಣ್ಣಿಗೆ ಹೊಂದಿಸಿಕೊಂಡ ಗಾಡಿ ಈಗ ಹಾಗೇ ಓಡದು.

ಇನ್ನೊಂದು ಗಾಯ. ಬ್ರೇಕಿಲ್ಲದ ಗಾಡಿಯಿಂದ ಬಿದ್ದವನಿಗೆ ಕಾಲರ್ ಬೋನ್ ಮುರಿಯುವುದು ಈ ವೃತ್ತಿಯ ನಿತ್ಯದ ಮಾತು. ಸ್ಪೀಡ್‌ವೇಯಲ್ಲಿ ಸವಾರನ ಯೋಗ್ಯತೆಯನ್ನು ಸರಾಸರಿಯಲ್ಲಿ ಅಳೆಯುತ್ತಾರೆ. ಗಳಿಸಿದ ಅಂಕಗಳನ್ನು ಓಟಗಳ ಸಂಖ್ಯೆಯಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರೆ ಅದು ಸಿಗುತ್ತದೆ. 20 ಓಟಗಳಲ್ಲಿ 50 ಅಂಕ ಗಳಿಸಿದವನ ಸರಾಸರಿ 10. ಅಂಥವನು ಹಾಸಿಗೆ ಹಿಡಿದರೆ ಪಂದ್ಯಕ್ಕೆ ಹತ್ತು ಅಂಕ ಹೋದ ಹಾಗೆ, ಅಂದರೆ ಗೆಲ್ಲಬೇಕಾದ ನಲವತ್ತರಲ್ಲಿ ಕಾಲುಭಾಗ. ಇದಕ್ಕೆ ನಿಯಮಗಳಲ್ಲಿ ಎರಡು ಪರಿಹಾರಗಳಿವೆ. ಗಾಯಾಳುವಿನ ಓಟಗಳನ್ನು ತಂಡದ ಉಳಿದವರಿಗೆ ಹಂಚಬಹುದು. ಇಲ್ಲವೆ ಅವನಿಗಿಂತ ಹೆಚ್ಚಿನ ಸರಾಸರಿ ಇಲ್ಲದ ಬೇರೆ ತಂಡದ ಸವಾರನನ್ನು ಅತಿಥಿಯಾಗಿ ಒಂದು ರಾತ್ರಿಗೆ ಕರೆತರಬಹುದು. ಮೊನ್ನೆ ಎದುರಾಳಿಯಾಗಿದ್ದವನು ಇಂದು ಕಳಾವರ್ ಎಕ್ಕದ ಅಂಗಿ ತೊಟ್ಟು ಬರುತ್ತಾನೆ. ಅಭಿಮಾನಿಗಳಿಗೆ ಇದು ಎಂದೂ ಪೂರ್ತಿ ಒಗ್ಗಲಿಲ್ಲ. ಎಷ್ಟೇ ಪ್ರಾಮಾಣಿಕವಾಗಿ ಓಡಿದರೂ ಅತಿಥಿಗೆ ಆ ಟ್ರ್ಯಾಕ್ ತವರಲ್ಲ, ಜೊತೆಯ ಸವಾರನ ನಡೆಯೂ ಗೊತ್ತಿಲ್ಲ.

ಡೆಂಟ್ ಆಲಿವರ್ ಮ್ಯಾನೇಜರ್ ಆಗಿದ್ದ ಬೆಲ್ ವ್ಯೂ 1970, 1971, 1972ರಲ್ಲಿ ಈ ಎಲ್ಲವನ್ನೂ ಮೀರಿ ನಿಂತಿತು. ನ್ಯೂಜಿಲೆಂಡಿನ ಐವನ್ ಮಾಗರ್ ಆಗ ನಾಯಕ. 1968ರಿಂದ 1970ರವರೆಗೆ ಸತತ ಮೂರು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಮಾಗರ್, ಗಾಡಿಯ ಸಿದ್ಧತೆಯಲ್ಲಿ ತೋರುತ್ತಿದ್ದ ಶಿಸ್ತನ್ನು ಇಡೀ ತಂಡಕ್ಕೆ ಕಲಿಸಿದ. ಸ್ವೀಡನ್ನಿನ ಸೋರೆನ್ ಸ್ಯೋಸ್ಟೆನ್ ಅವನಿಗೆ ಜೊತೆಯಾಗಿದ್ದ. ಬ್ರಿಟಿಷ್ ಲೀಗ್‌ನಲ್ಲಿ ಸತತ ಮೂರು ವರ್ಷ ಗೆದ್ದ ಮೊದಲ ತಂಡ ಇದು.

1973ರಲ್ಲಿ ಮಾಗರ್ ನೈಋತ್ಯ ಇಂಗ್ಲೆಂಡಿನ ಎಕ್ಸಿಟರ್ ಫಾಲ್ಕನ್ಸ್‌ಗೆ ಹೋದ. ಕಿಚನ್‌ನ ಕಥೆ ಮರುಕಳಿಸಿದ್ದು ಇಲ್ಲಿ. 1974ರಲ್ಲಿ ಎಕ್ಸಿಟರ್ ಮಾಗರ್‌ನ ನಾಯಕತ್ವದಲ್ಲಿ ಲೀಗ್ ಗೆದ್ದಿತು, ಸ್ವಲ್ಪದರಲ್ಲೇ ತಪ್ಪಿಸಿಕೊಂಡ ಬೆಲ್ ವ್ಯೂ ಎರಡನೆಯದಾಯಿತು. ಎಕ್ಸಿಟರ್‌ನ ಕೌಂಟಿ ಗ್ರೌಂಡ್ ಉದ್ದನೆಯ ವೇಗದ ಟ್ರ್ಯಾಕ್, ಸುತ್ತ ಉಕ್ಕಿನ ಬೇಲಿ. ಹೊರಗಿನವರು ಅಲ್ಲಿ ಹೆದರಿಯೇ ಓಡಿಸುತ್ತಿದ್ದರು. ಎರಡು ತಂಡಗಳ ಬಲದಲ್ಲಿ ಹೇಳಿಕೊಳ್ಳುವ ಅಂತರವಿಲ್ಲದಾಗ ಇಂಥ ತವರು ಒಂದಿದ್ದರೆ ಸಾಕು. 1975ರಲ್ಲಿ ಇಪ್ಸ್‌ವಿಚ್ ವಿಚಸ್ ಗೆದ್ದಿತು, ಬೆಲ್ ವ್ಯೂ ಮತ್ತೆ ಎರಡನೆಯದು. 1976ರಲ್ಲೂ ಅದೇ ಇಪ್ಸ್‌ವಿಚ್, ಅದೇ ಎರಡನೆಯ ಸ್ಥಾನ. ಬೆಲ್ ವ್ಯೂನ ಸ್ಥಳೀಯ ಹುಡುಗ ಪೀಟರ್ ಕಾಲಿನ್ಸ್ ಪೋಲೆಂಡಿನಲ್ಲಿ ವಿಶ್ವ ಚಾಂಪಿಯನ್ ಆದದ್ದು ಆ ವರ್ಷದ ಸೆಪ್ಟೆಂಬರ್ ತಿಂಗಳಲ್ಲೇ. ಜಗತ್ತಿನ ಅತ್ಯುತ್ತಮ ಸವಾರನನ್ನು ಹೊಂದಿದ್ದೂ ಲೀಗ್ ಗೆಲ್ಲಲಾಗದ್ದು ಆಟದ ಸ್ವಭಾವವನ್ನು ಸರಿಯಾಗಿ ತೋರಿಸುತ್ತದೆ. ಒಬ್ಬ ಸವಾರ ಪಂದ್ಯಕ್ಕೆ ತರಬಲ್ಲದ್ದು ಹೆಚ್ಚೆಂದರೆ ಹನ್ನೆರಡೋ ಹದಿನೈದೋ ಅಂಕ. ಉಳಿದವನ್ನು ಏಳನೆಯ ಸವಾರನವರೆಗೆ ಎಲ್ಲರೂ ಕೂಡಿಸಬೇಕು. ಜಾನ್ ಲೂಯಿಸ್ ಮುಂದಾಳಾಗಿದ್ದ ಇಪ್ಸ್‌ವಿಚ್‌ನ ಬಲವಿದ್ದದ್ದು ಆ ಕೆಳಗಿನ ಸವಾರರಲ್ಲಿ. ಮೂರು ವರ್ಷ ಸತತ ಎರಡನೆಯದಾಗಿ ಉಳಿದ ತಂಡವನ್ನು ದುರ್ಬಲವೆನ್ನಲಾಗದು. ಎಪ್ಪತ್ತರ ದಶಕದಲ್ಲಿ ಇಷ್ಟು ಕಾಲ ತುದಿಯ ಹತ್ತಿರವೇ ಇದ್ದ ತಂಡ ಬೇರೊಂದಿಲ್ಲ.

ಕಾಲಿನ್ಸ್ ಮತ್ತು ಕ್ರಿಸ್ ಮಾರ್ಟನ್ ಇಬ್ಬರೂ ತಂಡದಲ್ಲಿದ್ದ 1982ರಲ್ಲಿ ಪ್ರಶಸ್ತಿ ಹತ್ತು ವರ್ಷಗಳ ನಂತರ ಮರಳಿತು. ಹೈಡ್ ರೋಡ್‌ನಲ್ಲಿ ಅದೇ ಕೊನೆಯದು. ಪ್ರಾಣಿಸಂಗ್ರಹಾಲಯ 1977ರಲ್ಲೇ ಮುಚ್ಚಿತ್ತು. ಸುತ್ತಲಿನ ಗಿರಣಿ, ಕಾರ್ಖಾನೆಗಳೂ ಒಂದೊಂದಾಗಿ ನಿಂತಿದ್ದವು. ಮೈದಾನ ಮಾರಾಟವಾಗಿ, 1987ರ ನವೆಂಬರ್ 1ರಂದು ಅಲ್ಲಿ ಕೊನೆಯ ಸ್ಪೀಡ್‌ವೇ ಓಟ ನಡೆಯಿತು. ನಾಲ್ವರು ಸವಾರರು ಭುಜಕ್ಕೆ ಭುಜ ತಾಗಿಸಿ ಒಟ್ಟಿಗೇ ತಿರುಗಬಹುದಾದಷ್ಟು ಅಗಲವಾದ, ವಾಲು ತಿರುವುಗಳ ಆ ಟ್ರ್ಯಾಕನ್ನು ಹಲವರು ಬ್ರಿಟನ್ನಿನ ಅತ್ಯುತ್ತಮ ಟ್ರ್ಯಾಕ್ ಎಂದು ಎಣಿಸುತ್ತಿದ್ದರು. ಅದನ್ನು ಕೆಡವಿ ಕಾರು ಹರಾಜಿನ ಅಂಗಳ ಮಾಡಿದರು. ಬ್ರಿಟಿಷ್ ಸ್ಪೀಡ್‌ವೇ ಇದಕ್ಕಿಂತ ದೊಡ್ಡ ನಷ್ಟ ಕಂಡಿಲ್ಲ. ತಂಡ 1988ರಲ್ಲಿ ತಾನು ಮೊದಲು ಓಡಿದ್ದ ಕಿರ್ಕ್‌ಮನ್‌ಶುಲ್ಮ್ ಲೇನ್‌ನ ನಾಯಿ ಓಟದ ಮೈದಾನಕ್ಕೆ ಬಾಡಿಗೆದಾರನಾಗಿ ಮರಳಿತು. ಅಲ್ಲಿ 1993ರಲ್ಲಿ ಒಮ್ಮೆ ಲೀಗ್ ಗೆದ್ದಿತು. ವೊಲ್ವರ್‌ಹ್ಯಾಂಪ್ಟನ್ ಕೊನೆಯವರೆಗೂ ಬೆನ್ನು ಬಿಟ್ಟಿರಲಿಲ್ಲ. ಆಮೇಲೆ ಬಹಳ ವರ್ಷ ತಂಡಕ್ಕೆ ಲೀಗ್ ಪ್ರಶಸ್ತಿ ದಕ್ಕಲಿಲ್ಲ.

ಈ ನಡುವೆ ಋತುವಿನ ಕೊನೆಯ ಅರ್ಥವೇ ಬದಲಾಯಿತು. ತಂಡದ ಸವಾರರ ಸರಾಸರಿಗಳ ಮೊತ್ತ ಇಂತಿಷ್ಟನ್ನು ಮೀರಬಾರದೆಂಬ ಮಿತಿ ಬಂದುದರಿಂದ, ಚೆನ್ನಾಗಿ ಆಡಿದ ತಂಡದ ಮೊತ್ತ ತಾನಾಗಿಯೇ ಏರಿ, ಮರುವರ್ಷ ಆ ತಂಡ ಒಡೆಯುವುದು ಅನಿವಾರ್ಯವಾಯಿತು. ಮಾಗರ್ ಕಾಲದಂತೆ ಮೂರು ವರ್ಷ ಒಂದೇ ತಂಡವನ್ನು ಹಿಡಿದಿಡುವುದು ಇನ್ನು ಸಾಧ್ಯವಿಲ್ಲ. ಪೋಲೆಂಡ್, ಸ್ವೀಡನ್ ಲೀಗ್‌ಗಳು ಹೆಚ್ಚು ಹಣ ಕೊಡತೊಡಗಿದ್ದರಿಂದ ಸವಾರರು ವಾರದೊಳಗೆ ಮೂರು ದೇಶ ಸುತ್ತುವಂತಾಯಿತು. ಮಳೆಯಿಂದ ಮುಂದೂಡಿದ ಪಂದ್ಯಕ್ಕೆ ಎಲ್ಲರೂ ಬಿಡುವಾಗಿರುವ ದಿನ ಸಿಗುವುದೇ ಕಷ್ಟವಾಯಿತು. ಎಲ್ಲಕ್ಕಿಂತ ದೊಡ್ಡ ಬದಲಾವಣೆ 2002ರಲ್ಲಿ ಬಂದ ಪ್ಲೇ-ಆಫ್. ಅಲ್ಲಿಯವರೆಗೆ ಅಂಕಪಟ್ಟಿಯ ತುದಿಯಲ್ಲಿ ಉಳಿದವರೇ ಚಾಂಪಿಯನ್. ಈಗ ಮೇಲಿನ ತಂಡಗಳು ಸೆಮಿಫೈನಲ್, ಫೈನಲ್ ಆಡಬೇಕು. ತವರಿನಲ್ಲೊಂದು, ಹೊರಗೊಂದು ಪಂದ್ಯದ ಒಟ್ಟು ಅಂಕ ಯಾರದು ಹೆಚ್ಚೋ ಅವರದು ಪ್ರಶಸ್ತಿ. 2010ರಲ್ಲಿ ಇಡೀ ಋತು ಮುಂದಿದ್ದ ಪೂಲ್ ಪೈರೇಟ್ಸ್ ಫೈನಲ್‌ನಲ್ಲಿ ಕವೆಂಟ್ರಿಗೆ ಸೋತದ್ದು ಈ ಪದ್ಧತಿಯ ಅತ್ಯಂತ ಕಠೋರ ಉದಾಹರಣೆ. ಹಳೆಯ ಪದ್ಧತಿಯಲ್ಲಿ ಆಸೆ ವಾರವಾರವೂ ಸವೆಯುತ್ತಿತ್ತು, ಹೊಸದರಲ್ಲಿ ಒಂದೇ ರಾತ್ರಿ ಮುರಿಯುತ್ತದೆ. ಆರು ತಿಂಗಳ ಶ್ರಮಕ್ಕೆ ತೂಕ ಕೊಡುತ್ತಿದ್ದ ಹಳೆಯದೇ ಹೆಚ್ಚು ನ್ಯಾಯದ್ದು. ಆದರೆ ಸಣ್ಣ ತಂಡಗಳ ಮೈದಾನಕ್ಕೆ ಸೆಪ್ಟೆಂಬರ್‌ನಲ್ಲಿ ಜನರನ್ನು ಎಳೆದು ತಂದದ್ದು ಹೊಸದು ಎಂಬುದನ್ನೂ ಒಪ್ಪಬೇಕು.

ಬೆಲ್ ವ್ಯೂ ಹೊಸ ಪದ್ಧತಿಯ ಏಟನ್ನು ಹಲವು ಸಲ ತಿಂದಿತು. 2015ರ ಫೈನಲ್‌ನಲ್ಲಿ ಪೂಲ್‌ಗೆ ಸೋತಿತು. 2016ರಲ್ಲಿ ಕಿರ್ಕ್‌ಮನ್‌ಶುಲ್ಮ್ ಲೇನ್‌ನ ಪಕ್ಕದಲ್ಲೇ ನಗರಸಭೆಯ ನೆರವಿನಿಂದ ಕಟ್ಟಿದ ನ್ಯಾಷನಲ್ ಸ್ಪೀಡ್‌ವೇ ಸ್ಟೇಡಿಯಂಗೆ ತಂಡ ಬಂತು. ಮಾರ್ಚ್‌ನ ಉದ್ಘಾಟನೆಯ ದಿನ ಟ್ರ್ಯಾಕ್ ಸುರಕ್ಷಿತವಲ್ಲವೆಂದು ಓಟ ರದ್ದಾಗಿ, ಸೇರಿದ್ದ ಜನ ನಿರಾಶರಾಗಿ ಹಿಂತಿರುಗಿದರು. ಅಷ್ಟಾದರೂ ತಂಡ ಫೈನಲ್ ತಲುಪಿ, ಅಲ್ಲಿ ವೊಲ್ವರ್‌ಹ್ಯಾಂಪ್ಟನ್‌ಗೆ ಸೋತಿತು. 2020ರಲ್ಲಿ ಕೋವಿಡ್‌ನಿಂದ ಲೀಗ್ ನಡೆಯಲಿಲ್ಲ. 2021ರ ಫೈನಲ್‌ನಲ್ಲಿ ಎದುರು ನಿಂತದ್ದು ಪೀಟರ್‌ಬರೋ ಪ್ಯಾಂಥರ್ಸ್. ವಯಸ್ಸಾದವರ ತಂಡವೆಂದು ಹಲವರು ಕಡೆಗಣಿಸಿದ್ದ ಆ ತಂಡವೇ ಪ್ರಶಸ್ತಿ ಕೊಂಡೊಯ್ದಿತು.

ಮರುವರ್ಷ ಮ್ಯಾಕ್ಸ್ ಫ್ರಿಕ್, ಮಾತೇಯ್ ಜಾಗರ್, ಬ್ರೇಡಿ ಕರ್ಟ್ಜ್ ಇದ್ದ ಬೆಲ್ ವ್ಯೂ ಶೆಫೀಲ್ಡ್ ಟೈಗರ್ಸ್ ಎದುರಿನ ಫೈನಲ್ ಗೆದ್ದಿತು. 1993ರ ನಂತರ 29 ವರ್ಷಗಳಿಗೆ ಬಂದ ಪ್ರಶಸ್ತಿ ಅದು. ಹೈಡ್ ರೋಡ್‌ನಲ್ಲಿ ಕಾಲಿನ್ಸ್‌ನನ್ನು ನೋಡಿದ್ದ ಪೀಳಿಗೆಗೆ ಆಗ ಮುಪ್ಪು ಬಂದಿತ್ತು. ಹಿಂದಿನ ಎದುರಾಳಿಗಳೂ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿದ್ದರು. ಎಕ್ಸಿಟರ್‌ನ ಕೌಂಟಿ ಗ್ರೌಂಡ್ 2005ರಲ್ಲಿ ಮುಚ್ಚಿತ್ತು, ಕವೆಂಟ್ರಿ 2016ರ ನಂತರ ತನ್ನ ಬ್ರ್ಯಾಂಡನ್ ಮೈದಾನವನ್ನು ಕಳೆದುಕೊಂಡಿತ್ತು. ವೊಲ್ವರ್‌ಹ್ಯಾಂಪ್ಟನ್ ಮತ್ತು ಪೀಟರ್‌ಬರೋ ಎರಡೂ 2023ರ ಋತುವಿನೊಂದಿಗೆ ತಮ್ಮ ಮೈದಾನಗಳನ್ನು ಬಿಡಬೇಕಾಯಿತು. 2024ರಲ್ಲಿ ಬೆಲ್ ವ್ಯೂ ಮತ್ತೆ ಫೈನಲ್‌ಗೆ ಬಂದು, ಲೆಸ್ಟರ್ ಲಯನ್ಸ್ ತಂಡವನ್ನು ಸೋಲಿಸಿ, ಮೂರು ವರ್ಷಗಳಲ್ಲಿ ಎರಡನೆಯ ಬಾರಿ ಚಾಂಪಿಯನ್ ಆಯಿತು.